ಮೋಗ್ಲಿ ಯಾವ ಭಾಷೆಯವನು?

ಜಗತ್ತಿನ ಅತ್ಯುತ್ತಮ ಆನಿಮೇಷನ್ ಸರಣಿ ಯಾವುದು ಅಂತ ಶೋಳಿಂಗನಲ್ಲೂರಿನ ಕನ್ನಡದ ಹುಡುಗರನ್ನು ಕೇಳಿದರೆ ಒಮ್ಮತ ಮೂಡುವುದು ಒಂದೇ ಹೆಸರಿಗೆ: ಟಾಮ್ ಅಂಡ್ ಜೆರ್ರಿ. ಉಳಿದ ಒಂಬತ್ತು ಸ್ಥಾನಗಳಿಗೆ ಜಗಳ. ತಮಾಷೆಯೆಂದರೆ, ಎಲ್ಲರೂ ಒಪ್ಪುವ ಆ ಒಂದು ಹೆಸರು ಟೀವಿ ಸರಣಿಗಳ ಪಟ್ಟಿಗೆ ನಿಯಮದ ಪ್ರಕಾರ ಬರುವಂತೆಯೇ ಇಲ್ಲ. ನಾವೆಲ್ಲ ನೆನೆಯುವ ಹಳೆಯ ಟಾಮ್ ಅಂಡ್ ಜೆರ್ರಿಯನ್ನು ಮಾಡಿದ್ದು ಚಿತ್ರಮಂದಿರಗಳಿಗಾಗಿ. ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೊದಲ್ಲಿ 1940ರಿಂದ 1958ರ ತನಕ ಅಂಥ 114 ಕಿರುಚಿತ್ರಗಳನ್ನು ಮಾಡಿದರು, ಏಳು ಆಸ್ಕರ್ ಗೆದ್ದರು. ದೊಡ್ಡ ಸಿನಿಮಾ ಶುರುವಾಗುವ ಮೊದಲು ತೋರಿಸಲೆಂದು ಮಾಡಿದ್ದವು ಅವು. ಟೀವಿಗೆ ಬಂದದ್ದು ಆಮೇಲೆ.

ಹಾಗಾದರೆ ಒಮ್ಮತ ಅದಕ್ಕೇ ಏಕೆ? ನನಗೆ ಹೊಳೆದ ಕಾರಣ ಬಹಳ ಸರಳ. ಬೆಕ್ಕೂ ಇಲಿಯೂ ಮಾತಾಡುವುದೇ ಅಪರೂಪ. ಅವು ಬಾಯಿ ಬಿಟ್ಟ ಕೂಡಲೇ ನಾವು ಬೇರೆಬೇರೆ ದಾರಿ ಹಿಡಿಯುತ್ತಿದ್ದೆವೇನೋ.

ಇದು ಊಹೆಯ ಮಾತಲ್ಲ. ಕೆಲಸಕ್ಕೆಂದು ಚೆನ್ನೈಗೆ ಬಂದ ಮೊದಲ ಎರಡು ವರ್ಷ ನಾನು ಹಳೆ ಮಹಾಬಲಿಪುರಂ ರಸ್ತೆಗೆ ಹತ್ತಿರದ ಒಂದು ಫ್ಲ್ಯಾಟಿನಲ್ಲಿ ನಾಲ್ವರು ಕನ್ನಡಿಗರ ಜೊತೆ ಇದ್ದೆ. ನಮ್ಮ ಎಲ್ಕಾಟ್ ಎಸ್‌ಇಝಡ್‌ನ ಶಿಫ್ಟುಗಳು ಹೊಂದುತ್ತಿದ್ದದ್ದು ಭಾನುವಾರ ಮಾತ್ರ. ಆವತ್ತು ಅಡುಗೆಯ ಜೊತೆಗೆ ಇಂಥ ಪಟ್ಟಿಗಳು ನಡೆಯುತ್ತಿದ್ದವು. ಹುಬ್ಬಳ್ಳಿಯವನ ಪಟ್ಟಿಯ ತುದಿಯಲ್ಲಿ ಡ್ರ್ಯಾಗನ್ ಬಾಲ್ ಝೀ. ಅವನು ಅದನ್ನು ನೋಡಿದ್ದು ಹಿಂದಿಯಲ್ಲಿ. ಬಳ್ಳಾರಿಯವನು ಕಾರ್ಟೂನ್ ನೆಟ್‌ವರ್ಕನ್ನು ತೆಲುಗಿನಲ್ಲಿ ನೋಡಿ ಬೆಳೆದವನು. ಪವರ್‌ಪಫ್ ಗರ್ಲ್ಸ್ ತೆಲುಗಿನಲ್ಲಿ ಇರುವಷ್ಟು ಚೆನ್ನಾಗಿ ಇಂಗ್ಲಿಷಿನಲ್ಲೇ ಇಲ್ಲ ಅಂತ ಅವನ ವಾದ. ಬೆಂಗಳೂರು ಜಯನಗರದವನು ಅವತಾರ್ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ, ಅವನದು ಇಂಗ್ಲಿಷ್. ತಾಳವಾಡಿಯವನಿಗೆ ಜಾಕಿ ಚಾನ್ ಅಡ್ವೆಂಚರ್ಸ್, ಅದೂ ಚುಟ್ಟಿ ಟೀವಿಯ ತಮಿಳಿನಲ್ಲಿ. ಆ ಸರಣಿಯ ಮುದುಕ ಅಂಕಲ್ಲಿನ ಮಾತುಗಳನ್ನು ಅವನು ತಮಿಳಿನಲ್ಲಿ ಆಡಿ ತೋರಿಸಿದರೆ ಕೆಳಗಿನ ಮನೆಯ ತಮಿಳು ಹುಡುಗರೂ ಮೇಲೆ ಬಂದು ಸೇರಿಕೊಳ್ಳುತ್ತಿದ್ದರು. ನಾನು ತಿಪಟೂರಿನವನು, ದೂರದರ್ಶನದ ಕಾಲದವನು. ನನ್ನದು ಜಂಗಲ್ ಬುಕ್, ಹಿಂದಿಯಲ್ಲಿ.

ಐದು ಜನ, ಮನೆಮಾತು ಎಲ್ಲರದೂ ಕನ್ನಡ. ಪಟ್ಟಿಯಲ್ಲಿ ನಾಲ್ಕು ಭಾಷೆ. ಕನ್ನಡ ಮಾತ್ರ ಇಲ್ಲ. ಆಗ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಈಗ ಹಿಂದಿರುಗಿ ನೋಡಿದರೆ, ನಾವು ವಾದ ಮಾಡುತ್ತಿದ್ದದ್ದು ಯಾವ ಸರಣಿ ದೊಡ್ಡದು ಎಂಬುದರ ಬಗ್ಗೆ ಅಲ್ಲ, ಯಾವ ಭಾಷೆ ನಮ್ಮ ಬಾಲ್ಯಕ್ಕೆ ಮೊದಲು ತಲುಪಿತು ಎಂಬುದರ ಬಗ್ಗೆ ಅನ್ನಿಸುತ್ತದೆ. ಅದು ಹಾಗೇಕಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಅದರ ಅರ್ಧ ಭಾಗ ನಡೆದದ್ದು ನಾವು ಬಾಡಿಗೆ ಕಟ್ಟುತ್ತಿರುವ ಈ ಊರಿನಲ್ಲೇ.

ಎಲ್ಲ ಬಾಯಿಯೂ ಎರವಲು

ಮೊದಲು ಪಟ್ಟಿಯ ಮಾತು ಮುಗಿಸೋಣ. ಟೀವಿ ಆನಿಮೇಷನ್ನಿನ ಚರಿತ್ರೆ ಬರೆಯುವವರು ಕೆಲವು ಸರಣಿಗಳನ್ನು ಬಿಡುವಂತಿಲ್ಲ. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿದಾಗ ಹಾನಾ ಮತ್ತು ಬಾರ್ಬೆರಾ ಟೀವಿಯತ್ತ ಹೊರಳಿದರು. ಟೀವಿಯಲ್ಲಿ ದುಡ್ಡು ಕಡಿಮೆ, ಸಮಯ ಇನ್ನೂ ಕಡಿಮೆ. ಸಿನಿಮಾದ ಹಾಗೆ ಪ್ರತಿ ಚಲನೆಗೂ ಇಡೀ ದೇಹವನ್ನು ಮತ್ತೆ ಬಿಡಿಸುತ್ತ ಕೂತರೆ ವಾರಕ್ಕೊಂದು ಕಂತು ಆಗದು. ಅದಕ್ಕೆ ಅವರು ಉಳಿತಾಯದ ದಾರಿ ಹಿಡಿದರು. ದೇಹ ನಿಂತಲ್ಲೇ ನಿಂತಿರುತ್ತದೆ, ಬಾಯಿ ಮಾತ್ರ ಬೇರೆ ಹಾಳೆಯಲ್ಲಿ ಆಡುತ್ತದೆ. ಯೋಗಿ ಎಂಬ ಕರಡಿಯ ಕೊರಳಿಗೆ ಕಾಲರ್ ಮತ್ತು ಟೈ ಹಾಕಿದ್ದು ಶೋಕಿಗಲ್ಲ. ತಲೆಯನ್ನು ಮೈಯಿಂದ ಬೇರೆ ಮಾಡಿ ಆಡಿಸಿದರೂ ಸೇರಿಸಿದ ಗೆರೆ ಕಾಣಬಾರದು, ಅದಕ್ಕೆ. ಹೀಗೆ ಹುಟ್ಟಿದ್ದು 1960ರ ದಿ ಫ್ಲಿಂಟ್‌ಸ್ಟೋನ್ಸ್, ಅಮೆರಿಕದಲ್ಲಿ ರಾತ್ರಿಯ ಮುಖ್ಯ ಸಮಯದಲ್ಲಿ ಬಂದ ಮೊದಲ ಆನಿಮೇಷನ್ ಧಾರಾವಾಹಿ. 1963ರ ಜನವರಿ 1ರಂದು ಜಪಾನಿನಲ್ಲಿ ಒಸಾಮು ತೆಜುಕಾ ಅವರ ಆಸ್ಟ್ರೊ ಬಾಯ್ ಶುರುವಾಯಿತು. ಅದೂ ಇಂಥದೇ ಉಳಿತಾಯದ ಚಿತ್ರಣ. ಇವತ್ತಿನ ಆನಿಮೆ ಎಂಬ ದೊಡ್ಡ ಮರದ ಬೇರು ಅಲ್ಲಿದೆ.

1989ರ ಡಿಸೆಂಬರ್‌ನಲ್ಲಿ ಶುರುವಾದ ದಿ ಸಿಂಪ್ಸನ್ಸ್ ಕಾರ್ಟೂನು ದೊಡ್ಡವರದೂ ಹೌದು ಎಂದು ಸಾಧಿಸಿತು. 1992ರ ಬ್ಯಾಟ್‌ಮ್ಯಾನ್ ಸರಣಿಯ ಕಲಾವಿದರು ಹಿನ್ನೆಲೆಗಳನ್ನು ಬಿಳಿ ಕಾಗದದ ಬದಲು ಕಪ್ಪು ಕಾಗದದ ಮೇಲೆ ಬರೆದು ಮಕ್ಕಳ ಕಾರ್ಯಕ್ರಮದೊಳಗೆ ರಾತ್ರಿಯನ್ನು ತಂದರು. 2005ರಿಂದ 2008ರ ತನಕ 61 ಕಂತುಗಳಲ್ಲಿ ಮುಗಿದ ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ ಒಂದೇ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿತು. ಯುದ್ಧ, ಗಡಿಪಾರು, ಅಪ್ಪನ ಕ್ರೌರ್ಯ, ಪಶ್ಚಾತ್ತಾಪ ಎಲ್ಲವನ್ನೂ ಮಕ್ಕಳೆದುರು ಮುಚ್ಚಿಡದೆ ಇಟ್ಟಿತು. ನನ್ನ ಮಟ್ಟಿಗೆ ಮೊದಲ ಸ್ಥಾನ ಅದಕ್ಕೇ. ಝೂಕೊ ಎಂಬ ರಾಜಕುಮಾರ ಮೂರು ಸೀಸನ್ನುಗಳಲ್ಲಿ ಬದಲಾಗುವ ಬಗೆಯನ್ನು ನಾನು ನೋಡಿದ ಸಿನಿಮಾಗಳಲ್ಲೂ ಹೆಚ್ಚಿನವು ಅಷ್ಟು ತಾಳ್ಮೆಯಿಂದ ತೋರಿಸಿಲ್ಲ. ಜಯನಗರದವನಿಗೆ ಈ ವಿಷಯದಲ್ಲಿ ನಾನು ಸೋತಿದ್ದೇನೆ.

ಈಗ ಈ ಸರಣಿಗಳ ಹುಟ್ಟನ್ನು ಸ್ವಲ್ಪ ಕೆದಕಿ ನೋಡಿ. ಸಿಂಪ್ಸನ್ಸ್ ಮತ್ತು ಅವತಾರ್ ಎರಡರ ಚಿತ್ರಣದ ಬಹುಪಾಲು ಕೆಲಸ ನಡೆದದ್ದು ದಕ್ಷಿಣ ಕೊರಿಯಾದ ಸ್ಟುಡಿಯೊಗಳಲ್ಲಿ. ಬರೆದವರು ಅಮೆರಿಕದವರು, ಗೆರೆ ಎಳೆದವರು ಕೊರಿಯಾದವರು, ದನಿ ಕೊಟ್ಟವರು ಮೈಕಿನ ಮುಂದೆ ನಿಂತ ಮತ್ಯಾರೋ. ಕಾರ್ಟೂನಿನಲ್ಲಿ ಯಾರೂ ತಮ್ಮ ಬಾಯಿಂದ ಮಾತಾಡುವುದಿಲ್ಲ. ಅಮೆರಿಕದವರು ದನಿಯನ್ನು ಮೊದಲೇ ಮುದ್ರಿಸಿಕೊಂಡು ಅದಕ್ಕೆ ಬಾಯಿ ಬಿಡಿಸುವುದು ರೂಢಿ. ಜಪಾನಿನವರು ಚಿತ್ರ ಮಾಡಿ ಆಮೇಲೆ ದನಿ ಕೂಡಿಸುತ್ತಾರೆ. ಹೇಗೆ ಮಾಡಿದರೂ ಅದು ಕಂಠದಾನವೇ. ಸಿನಿಮಾ ಡಬ್ಬಿಂಗಿನ ವಿರುದ್ಧ ಹೇಳುವ ಒಂದು ಬಲವಾದ ಮಾತೆಂದರೆ, ನಟನ ದನಿ ಅವನ ನಟನೆಯ ಅರ್ಧ ಭಾಗ, ಅದನ್ನು ಕಿತ್ತು ಬೇರೆ ದನಿ ಅಂಟಿಸುವುದು ಅನ್ಯಾಯ ಎಂಬುದು. ನನಗೆ ಆ ಮಾತಿನಲ್ಲಿ ಗೌರವವಿದೆ. ಆದರೆ ಕಾರ್ಟೂನಿಗೆ ಅದು ತಾಗುವುದಿಲ್ಲ. ಕಿತ್ತುಹಾಕಲು ಅಲ್ಲಿ ನಟನ ದೇಹವೇ ಇಲ್ಲ. ಸಂಗೀತ ಮತ್ತು ಸದ್ದುಗಳ ಪಟ್ಟಿ ಬೇರೆ, ಮಾತಿನ ಪಟ್ಟಿ ಬೇರೆ. ಮೊದಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಬದಲಿಸಿದರೆ ಯೋಗಿ ಕರಡಿ ಯಾವ ಭಾಷೆಯಲ್ಲಾದರೂ ಮಾತಾಡಬಲ್ಲದು. ಮೂರ್ನಾಲ್ಕು ಬಗೆಯಲ್ಲಿ ಮಾತ್ರ ತೆರೆಯುವ ಅದರ ಬಾಯಿಗೆ ಇಂಗ್ಲಿಷೂ ಅಷ್ಟೇ, ಕನ್ನಡವೂ ಅಷ್ಟೇ.

ಭಾನುವಾರದ ಮೋಗ್ಲಿ

ನಮ್ಮ ದೇಶದ ಕಡೆ ಬರೋಣ. ಭಾರತದ ಆನಿಮೇಷನ್ನಿನ ಪಿತಾಮಹ ಅಂತ ಕರೆಸಿಕೊಂಡ ರಾಮ್ ಮೋಹನ್ ಓದಿದ್ದು ಇದೇ ಮದ್ರಾಸು ವಿಶ್ವವಿದ್ಯಾಲಯದಲ್ಲಿ, ರಸಾಯನಶಾಸ್ತ್ರ. ಓದು ಅರ್ಧಕ್ಕೆ ಬಿಟ್ಟು 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ಘಟಕ ಸೇರಿದರು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅಲ್ಲಿ ತರಬೇತಿ ಕೊಟ್ಟರು. ಆ ಘಟಕ ಮಾಡಿದ್ದು ಸರ್ಕಾರಕ್ಕೆ ಬೇಕಾದ ಕಿರುಚಿತ್ರಗಳನ್ನು. ಟೀವಿಗೆ ಸರಣಿ ಅಂತ ಬಂದದ್ದು ಮೂವತ್ತು ವರ್ಷಗಳ ನಂತರ, 1986ರಲ್ಲಿ: ಶುದ್ಧಸತ್ತ್ವ ಬಸು ಅವರ ಘಾಯಬ್ ಆಯಾ, ದೂರದರ್ಶನದಲ್ಲಿ, ಹಿಂದಿಯಲ್ಲಿ.

ನನ್ನ ಓರಗೆಯವರಿಗೆ ಲೋಕ ತೆರೆದದ್ದು 1993ರಲ್ಲಿ. ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ 1989ರಲ್ಲಿ ಮಾಡಿದ 52 ಕಂತುಗಳ ಜಂಗಲ್ ಬುಕ್ ದೂರದರ್ಶನದಲ್ಲಿ ಭಾನುವಾರ ಬರತೊಡಗಿತು. ಶೀರ್ಷಿಕೆ ಗೀತೆ ಗುಲ್ಜಾರ್ ಅವರದು, ಸಂಗೀತ ವಿಶಾಲ್ ಭಾರದ್ವಾಜ್ ಅವರದು, ಶೇರ್ ಖಾನನ ದನಿ ನಾನಾ ಪಾಟೇಕರ್ ಅವರದು. ಅಂದರೆ ಒಬ್ಬ ಇಂಗ್ಲಿಷ್ ಬರಹಗಾರ ಮಧ್ಯಪ್ರದೇಶದ ಸಿವನಿ ಕಾಡಿನ ಬಗ್ಗೆ ಬರೆದ ಕಥೆ ಜಪಾನಿನಲ್ಲಿ ಚಿತ್ರವಾಗಿ, ಮುಂಬಯಿಯಲ್ಲಿ ಹಿಂದಿಯಾಗಿ, ತಿಪಟೂರಿನ ತೆಂಗಿನ ತೋಟದ ಮನೆಗೆ ಬಂತು. ಮೂಲ ಯಾವುದು ಅಂತ ಕೇಳುವ ಪ್ರಶ್ನೆಯೇ ಅಲ್ಲಿ ನಿಲ್ಲುವುದಿಲ್ಲ. ಹಿಂದಿಯವರು ಅದನ್ನು ಡಬ್ ಮಾಡಿದ್ದು ಎಂದು ಭಾವಿಸಲೇ ಇಲ್ಲ, ತಮ್ಮದೇ ಮಾಡಿಕೊಂಡರು.

ನಮ್ಮ ಶಾಲೆಯ ಮೈದಾನದಲ್ಲಿ ಸೋಮವಾರ ಮೋಗ್ಲಿ ಆಟ. ಮೋಗ್ಲಿ ಆದವನು ಶೇರ್ ಖಾನನಿಗೆ ಸವಾಲು ಹಾಕುತ್ತಿದ್ದದ್ದು ಹಿಂದಿಯಲ್ಲಿ, ನಮಗೆ ಬರುತ್ತಿದ್ದ ಹತ್ತಿಪ್ಪತ್ತು ಹಿಂದಿ ಪದಗಳನ್ನೆಲ್ಲ ಸುರಿದು. ಹುಲಿಯ ಸರದಿ ಯಾರದು ಎಂಬ ಜಗಳ ಮಾತ್ರ ಕನ್ನಡದಲ್ಲಿ. ಆಟದೊಳಗಿನ ಮಾತು ಒಂದು ಭಾಷೆ, ಆಟದ ಹೊರಗಿನ ತಕರಾರು ಇನ್ನೊಂದು. ನಮಗದು ಸಹಜವಾಗಿತ್ತು. ವೀರರು ಕನ್ನಡ ಮಾತಾಡುವುದಿಲ್ಲ, ಕನ್ನಡ ಇರುವುದು ಮನೆಗೆ ಮತ್ತು ಮೇಷ್ಟರಿಗೆ ಎಂದು ಆ ವಯಸ್ಸಿನಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೋಡಂಬಾಕ್ಕಂನಿಂದ ಬಂದ ತಡೆ

1990ರ ದಶಕದ ಕೊನೆಗೆ ಕೇಬಲ್ಲಿನ ಕಾರ್ಟೂನುಗಳು ಹಿಂದಿ ಕಲಿತವು. 2000ದ ಆಸುಪಾಸಿನಲ್ಲಿ ತಮಿಳು, ಆಮೇಲೆ ತೆಲುಗು. 2004ರ ಡಿಸೆಂಬರ್‌ನಲ್ಲಿ ಡಿಸ್ನಿ ಚಾನೆಲ್ ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಂಬ ನಾಲ್ಕು ದನಿಗಳೊಂದಿಗೆ ಬಂತು. 2007ರಲ್ಲಿ ಸನ್ ನೆಟ್‌ವರ್ಕ್ ತಮಿಳು ಮಕ್ಕಳಿಗೇ ಚುಟ್ಟಿ ಟೀವಿ ತೆರೆಯಿತು. ಈ ಸಾಲಿನಲ್ಲಿ ಕನ್ನಡ ಎಲ್ಲಿ? ಮಾರುಕಟ್ಟೆ ಚಿಕ್ಕದು, ಕನ್ನಡಿಗರಿಗೆ ಹೇಗೂ ನಾಲ್ಕು ಭಾಷೆ ಬರುತ್ತದೆ ಎಂಬ ವ್ಯಾಪಾರಿ ಲೆಕ್ಕಾಚಾರ ಒಂದು ಕಾರಣ ಇರಬೇಕು. ಇನ್ನೊಂದು ಕಾರಣ ನಮ್ಮದೇ. ಕನ್ನಡದಲ್ಲಿ ಡಬ್ಬಿಂಗ್ ಕೂಡದು ಎಂಬ, ಕಾನೂನಲ್ಲದಿದ್ದರೂ ಕಾನೂನಿಗಿಂತ ಗಟ್ಟಿಯಾಗಿ ನಿಂತಿದ್ದ ಕಟ್ಟಳೆ.

ಅದರ ಬೇರು ಇರುವುದು ಮದ್ರಾಸಿನಲ್ಲಿ. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಸಿನಿಮಾ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೊಗಳಲ್ಲಿ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಬೇಡರ ಕಣ್ಣಪ್ಪ (1954) ಎವಿಎಂನ ನೆರವಿನಲ್ಲಿ ಇಲ್ಲೇ ಆಯಿತು. ಅವರ ಮಕ್ಕಳು ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದೂ ಇಲ್ಲೇ. ಆಗ ತಮಿಳು, ತೆಲುಗಿನ ದೊಡ್ಡ ಬಂಡವಾಳದ ಚಿತ್ರಗಳನ್ನು ಅಗ್ಗದಲ್ಲಿ ಕನ್ನಡಕ್ಕೆ ಡಬ್ ಮಾಡಿ ಮೈಸೂರು ರಾಜ್ಯದ ಚಿತ್ರಮಂದಿರಗಳಿಗೆ ಕಳಿಸುವುದು ಸುಲಭವಾಗಿತ್ತು. ತೆಲುಗಿನ ಮಾಯಾಬಜಾರ್ 1965ರಲ್ಲಿ ಹೀಗೇ ಕನ್ನಡಕ್ಕೆ ಬಂತು. ಕನ್ನಡದಲ್ಲೇ ಹೊಸ ಚಿತ್ರ ಮಾಡಬೇಕೆನ್ನುವ ನಿರ್ಮಾಪಕ, ನಟ, ತಂತ್ರಜ್ಞರಿಗೆ ಅದು ಅನ್ನದ ಪ್ರಶ್ನೆ. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರಂಥ ಹೋರಾಟಗಾರರು ಡಬ್ಬಿಂಗಿನ ವಿರುದ್ಧ ನಿಂತರು, ಚಿತ್ರರಂಗ ಅವರ ಜೊತೆ ನಿಂತಿತು. ಡಬ್ಬಿಂಗ್ ನಿಂತಿತು.

ಆ ಹೋರಾಟವನ್ನು ಇವತ್ತಿನ ಕಣ್ಣಿನಿಂದ ಗೇಲಿ ಮಾಡುವುದು ಸುಲಭ. ನಾನು ಮಾಡಲಾರೆ. ಡಬ್ಬಿಂಗ್ ಹಾಗೇ ಮುಂದುವರಿದಿದ್ದರೆ ಪುಟ್ಟಣ್ಣ ಕಣಗಾಲರಂಥವರಿಗೆ ಬಂಡವಾಳ ಹಾಕುವವರು ಸಿಗುತ್ತಿದ್ದರೇ ಎಂಬುದು ನ್ಯಾಯವಾದ ಪ್ರಶ್ನೆ. ಬೆಳೆಯುತ್ತಿದ್ದ ಗಿಡಕ್ಕೆ ಬೇಲಿ ಬೇಕಿತ್ತು, ಹಾಕಿದರು. ಆದರೆ ಆ ಬೇಲಿ ಹಾಕಿದ ದಿನಗಳಲ್ಲಿ ಕರ್ನಾಟಕದಲ್ಲಿ ಟೀವಿಯೇ ಇರಲಿಲ್ಲ. ಕಾರ್ಟೂನ್ ನೋಡುವ ಮಗು ಯಾರ ಲೆಕ್ಕದಲ್ಲೂ ಇರಲಿಲ್ಲ. ಮೂವತ್ತು ವರ್ಷಗಳ ನಂತರ ಅದೇ ಬೇಲಿ ಆ ಮಗುವಿನ ಮುಂದೆಯೂ ನಿಂತಿತು. ಕನ್ನಡದ ಬಗೆಗಿನ ಪ್ರೀತಿಯಿಂದ ಹಾಕಿದ ಬೇಲಿಯೇ ಮಗುವನ್ನು ಹಿಂದಿ, ತೆಲುಗು, ಇಂಗ್ಲಿಷಿನ ಕಡೆ ಕಳಿಸಿತು. ಏಕೆಂದರೆ ಮಗು ಕಾರ್ಟೂನ್ ಬಿಡುವುದಿಲ್ಲ, ಭಾಷೆಯನ್ನು ಬಿಡುತ್ತದೆ.

ಗಡಿಯಲ್ಲಿ ಇದು ಇನ್ನೂ ಸ್ಪಷ್ಟ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ಪಕ್ಕದ ತಾಳವಾಡಿ ಮದ್ರಾಸು ರಾಜ್ಯದಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅದೇ ತಾಳವಾಡಿ ಸೀಮೆಯಲ್ಲಿ. ಅಲ್ಲಿನ ನನ್ನ ಗೆಳೆಯನ ಮನೆಯಲ್ಲಿ ಅಜ್ಜಿ ಹೇಳುವ ಕಥೆ ಕನ್ನಡ, ಗೋಡೆಯ ಮೇಲೆ ಅಣ್ಣಾವ್ರ ಫೋಟೊ, ಸಂಜೆ ಟೀವಿಯಲ್ಲಿ ಚುಟ್ಟಿ. ಅವನಿಗೆ ಆಯ್ಕೆಯೇ ಇರಲಿಲ್ಲ. ಅವನ ನಗು, ಅವನ ಮಿಮಿಕ್ರಿ ಎಲ್ಲ ತಮಿಳಿನವು. ಅದರಲ್ಲಿ ಅವನ ತಪ್ಪು ಹುಡುಕುವವರು ಬೇರೆ ಬಾಲ್ಯ ಕಂಡವರು.

ಚಿಂಟು ಬಂದ, ಆಮೇಲೆ ಕೋರ್ಟು ಬಂತು

2009ರ ಏಪ್ರಿಲ್‌ನಲ್ಲಿ ಕನ್ನಡದ ಮಕ್ಕಳಿಗೆ ಅಂತಲೇ ಮೊದಲ ವಾಹಿನಿ ಬಂತು: ಚಿಂಟು ಟೀವಿ. ಅದೂ ಸನ್ ನೆಟ್‌ವರ್ಕಿನದೇ. ನಮ್ಮ ಶೋಳಿಂಗನಲ್ಲೂರಿನಿಂದ ಉತ್ತರಕ್ಕೆ ಹೋಗಿ ಅಡ್ಯಾರ್ ನದಿ ದಾಟಿದರೆ ಸಿಗುವ ಎಂ.ಆರ್.ಸಿ. ನಗರದಲ್ಲಿ ಆ ಕಂಪನಿಯ ಕೇಂದ್ರ ಕಚೇರಿ ಇದೆ. ಡಬ್ಬಿಂಗ್ ವಿವಾದ ಹುಟ್ಟಿದ ಊರಿನ ಕಂಪನಿಯೇ ವಿದೇಶಿ ಕಾರ್ಟೂನುಗಳಿಗೆ ಕನ್ನಡ ಮಾತಾಡಿಸಿತು. ಕಾರ್ಟೂನುಗಳಿಗೆ ಆ ಹಳೆಯ ತಡೆ ಬೀಳಲಿಲ್ಲ. ಆದರೆ ದೊಡ್ಡ ತಡೆ ಹಾಗೇ ಇತ್ತು. ಒಂದು ವಾಹಿನಿಯಲ್ಲಿ ಕನ್ನಡ, ಉಳಿದ ಮಕ್ಕಳ ವಾಹಿನಿಗಳೆಲ್ಲ ಇತರ ಭಾಷೆಗಳಲ್ಲಿ ಎಂಬ ಸ್ಥಿತಿ ಇನ್ನೂ ಕೆಲವು ವರ್ಷ ನಡೆಯಿತು.

2012 ವಿಚಿತ್ರವಾದ ವರ್ಷ. ಆನಿಮೇಷನ್, ವಿಎಫ್ಎಕ್ಸ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರ ಪ್ರತ್ಯೇಕ ನೀತಿ ತಂದದ್ದು ಆ ವರ್ಷ. ಬೆಂಗಳೂರಿನ ಟೆಕ್ನಿಕಲರ್ ಸ್ಟುಡಿಯೊದಲ್ಲಿ ಆಗಾಗಲೇ ಡ್ರೀಮ್‌ವರ್ಕ್ಸ್ ಸಂಸ್ಥೆಯ ಕೆಲಸಗಳು ನಡೆಯುತ್ತಿದ್ದವು. ಅಂದರೆ ಜಗತ್ತಿನ ಮಕ್ಕಳು ನೋಡುವ ಪಾತ್ರಗಳು ವೈಟ್‌ಫೀಲ್ಡ್ ಬಸ್ಸು ಹಿಡಿಯುವ ಹುಡುಗ ಹುಡುಗಿಯರ ಕೈಯಲ್ಲಿ ಓಡಾಡುತ್ತಿದ್ದವು. ಅದೇ ವರ್ಷ ಆಮಿರ್ ಖಾನರ ಸತ್ಯಮೇವ ಜಯತೆ ಹಲವು ಭಾರತೀಯ ಭಾಷೆಗಳಲ್ಲಿ ಡಬ್ ಆಗಿ ಬಂತು, ಕನ್ನಡದಲ್ಲಿ ಬರಲಾಗಲಿಲ್ಲ. ಕೈಗಳಿಗೆ ಸ್ವಾಗತ, ಬಾಯಿಗೆ ತಡೆ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟದ್ದೂ ಆ ವರ್ಷವೇ. ಗ್ರಾಹಕನಿಗೆ ತನ್ನ ಭಾಷೆಯಲ್ಲಿ ನೋಡುವ ಹಕ್ಕಿದೆ ಎಂಬುದು ಅವರ ವಾದ.

2015ರ ಜುಲೈ 27ರಂದು ಆಯೋಗ ದೂರುದಾರರ ಪರ ಆದೇಶ ಕೊಟ್ಟಿತು. ಡಬ್ಬಿಂಗ್ ತಡೆದದ್ದು ಸ್ಪರ್ಧೆಗೆ ವಿರುದ್ಧ ಎಂದು ಹೇಳಿ, ವಾಣಿಜ್ಯ ಮಂಡಳಿಯೂ ಸೇರಿದಂತೆ ಚಿತ್ರರಂಗ ಮತ್ತು ಕಿರುತೆರೆಯ ಸಂಘಟನೆಗಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ಬಂಗಾಳದ ಇಂಥದೇ ಒಂದು ಪ್ರಕರಣದಲ್ಲಿ, ಹಿಂದಿಯ ಮಹಾಭಾರತ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿದ್ದನ್ನು ತಡೆದ ಸಂಘಟನೆಗಳ ವಿರುದ್ಧ, ಸುಪ್ರೀಂ ಕೋರ್ಟ್ ಅದೇ ನಿಲುವು ತಾಳಿತು. ಅದೇ ತಿಂಗಳು ಅಜಿತ್ ಅವರ ತಮಿಳು ಚಿತ್ರವೊಂದು ಸತ್ಯದೇವ್ ಐಪಿಎಸ್ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ತೆರೆಕಂಡಿತು. 2020ರ ಲಾಕ್‌ಡೌನಿನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಡಬ್ ಆದ ಮಹಾಭಾರತ ಕನ್ನಡದ ಮನೆಗಳಿಗೆ ಬಂತು, ಆಕಾಶವೇನೂ ಬೀಳಲಿಲ್ಲ. 2021ರಲ್ಲಿ ಹೈದರಾಬಾದಿನ ಈಟಿವಿ ಬಾಲ ಭಾರತ್ ಎಂಬ ಮಕ್ಕಳ ವಾಹಿನಿ ಶುರುವಾದಾಗ ಅದರ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇತ್ತು. ಕನ್ನಡದ ಹೆಸರು ಬಿಟ್ಟುಹೋಗುವ ಕಾಲ ಸದ್ದಿಲ್ಲದೆ ಮುಗಿದಿತ್ತು.

ಡಬ್ ಆದರೆ ಸಾಕೇ?

ಸಾಲದು. ಇದನ್ನೂ ಹೇಳಬೇಕು. ಎರವಲು ಕಥೆಗೆ ಕನ್ನಡದ ಬಾಯಿ ಬಂದ ಮಾತ್ರಕ್ಕೆ ಕನ್ನಡಕ್ಕೊಂದು ದೊಡ್ಡ ಸರಣಿ ಬಂದಂತಾಗುವುದಿಲ್ಲ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ಛೋಟಾ ಭೀಮ್ ಮಾಡಿ ದೇಶವನ್ನೇ ಗೆದ್ದಿತು. ನಮ್ಮಲ್ಲಿ ಕೈಗಳೂ ಇವೆ, ಕಂಪ್ಯೂಟರೂ ಇವೆ, ಅಂಥದೊಂದು ಬರಲಿಲ್ಲ. ಕನ್ನಡದ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆ ಆನಿಮೇಷನ್ ಚಿತ್ರವಾದದ್ದು ಕನ್ನಡಿಗ ರವಿಶಂಕರ್ ಅವರಿಂದ, ಇಳಯರಾಜಾ ಸಂಗೀತದಲ್ಲಿ, ಸಂಸ್ಕೃತದಲ್ಲಿ. ಅದು ಅವರ ಆಯ್ಕೆ, ದೊಡ್ಡ ಸಾಹಸ, ಮೆಚ್ಚಬೇಕಾದ್ದೇ. ಆದರೂ ಆ ಹಸು ಮತ್ತು ಹುಲಿ ಕನ್ನಡದಲ್ಲೇ ಮೊದಲು ಬಾಯಿ ಬಿಟ್ಟಿದ್ದರೆ ಎಂದು ಮನಸ್ಸು ಆಸೆಪಡುತ್ತದೆ. ಇತ್ತ 2025ರ ಆರಂಭದಲ್ಲಿ ಪ್ಯಾರಿಸ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲೂ ಎಷ್ಟೋ ಕಲಾವಿದರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಬೇರೆಯವರ ಸರಣಿಗೆ ಕೈ ಕೊಟ್ಟು ಬದುಕುವುದರ ಅಪಾಯ ಅದು. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಮಹಾವತಾರ್ ನರಸಿಂಹ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು ಚಿತ್ರಮಂದಿರ ತುಂಬಿಸಿತು. ಆನಿಮೇಷನ್ನಿಗೆ ನಮ್ಮಲ್ಲಿ ನೋಡುಗರಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ.

ಈ ಎಲ್ಲ ನನಗೆ ಈಗ ಬರೀ ಇತಿಹಾಸವಲ್ಲ. ಮಗಳಿಗೆ ಆರು ವರ್ಷ, ಹುಟ್ಟಿದ್ದು ಚೆನ್ನೈಯಲ್ಲಿ. ಮನೆಯಲ್ಲಿ ಕನ್ನಡ, ಅಪಾರ್ಟ್‌ಮೆಂಟಿನ ಕೆಳಗೆ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಅವಳ ತಮಿಳು ನನಗೆ ಖುಷಿ. ಈ ಊರು ನಮಗೆ ಅನ್ನ ಕೊಟ್ಟಿದೆ, ಅವಳು ಇದರ ಭಾಷೆಯನ್ನು ನನ್ನ ಹಾಗೆ ತಡವರಿಸದೆ ಆಡುತ್ತಾಳೆ. ನಾನು ಗಮನಿಸುವುದು ಬೇರೆಯದನ್ನು. ಒಬ್ಬಳೇ ಕೂತು ಗೊಂಬೆಗಳಿಗೆ ಮಾತು ಕೊಡುವಾಗ ಅವಳು ಯಾವ ಭಾಷೆ ಹಿಡಿಯುತ್ತಾಳೆ? ಊಟ ಬೇಕು, ನಿದ್ದೆ ಬಂತು ಎಂಬುದು ಕನ್ನಡದಲ್ಲಿ. ಗೊಂಬೆ ಹಾರುವಾಗ, ಕಾದಾಡುವಾಗ, ರಹಸ್ಯ ಹೇಳುವಾಗ ಕಾರ್ಟೂನಿನ ಭಾಷೆಯಲ್ಲಿ. ತಿಪಟೂರಿನ ಮೈದಾನದಲ್ಲಿ ನಾವು ಮಾಡಿದ್ದೂ ಅದನ್ನೇ. ಅಜ್ಜಿಗೆ ಫೋನಿನಲ್ಲಿ ಉತ್ತರ ಹೇಳಲು ಬೇಕಾದಷ್ಟು ಕನ್ನಡ ನಾವು ಕಲಿಸಬಹುದು. ಕಲ್ಪನೆಯ ಕನ್ನಡ ನಾವು ಬೈದು ಕಲಿಸಿದರೆ ಬರುವುದಿಲ್ಲ. ಅದನ್ನು ಮಗು ಕದ್ದು ಕಲಿಯಬೇಕು, ಇಷ್ಟಪಟ್ಟ ಪಾತ್ರದ ಬಾಯಿಂದ.

ಅದಕ್ಕೇ ಸರಣಿಗಳನ್ನು ಅಳೆಯಲು ನನ್ನದೊಂದು ಹೊಸ ಕೋಲು. ಚಿತ್ರಣ, ಕಥೆ, ಪ್ರಭಾವ ಎಲ್ಲ ಇರಲಿ, ಅವತಾರ್ ಮೊದಲಿರಲಿ, ಬ್ಯಾಟ್‌ಮ್ಯಾನ್, ಸಿಂಪ್ಸನ್ಸ್ ಅದರ ಹಿಂದಿರಲಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆ: ಟೀವಿ ಆರಿಸಿದ ಮೇಲೆ ಮಗು ಆ ಪಾತ್ರವನ್ನು ತನ್ನ ಮಾತಿನಲ್ಲಿ ಮುಂದುವರಿಸಿತೇ? ಈ ಕೋಲಿನಲ್ಲಿ ಅಳೆದರೆ ಜಂಗಲ್ ಬುಕ್ ಹಿಂದಿಯ ಮಕ್ಕಳಿಗೆ, ಜಾಕಿ ಚಾನ್ ತಮಿಳು ಮಕ್ಕಳಿಗೆ ಸಿಂಪ್ಸನ್ಸ್‌ಗಿಂತ ದೊಡ್ಡವು. ವಿಮರ್ಶಕರು ಒಪ್ಪದಿದ್ದರೂ ಅವರ ಮಟ್ಟಿಗೆ ಅದು ನಿಜ. ಮತ್ತು ಇದೇ ಕೋಲಿನಲ್ಲಿ ನನ್ನ ಓರಗೆಯ ಕನ್ನಡಿಗರಿಗೆ ಯಾವ ಸರಣಿಯೂ ಇಲ್ಲ.

ನಮ್ಮ ನಂತರದವರಿಗೆ ಇದೆ. ಚಿಂಟು ಟೀವಿ ಬಂದಾಗ ಐದಾರು ವರ್ಷದವರಾಗಿದ್ದ ಮಕ್ಕಳು ಈಗ ಇದೇ ರಸ್ತೆಯ ಕಂಪನಿಗಳಿಗೆ ಕೆಲಸಕ್ಕೆ ಬರುತ್ತಿದ್ದಾರೆ. ನಮ್ಮ ತಂಡಕ್ಕೆ ಈ ವರ್ಷ ಹಾಸನ ಕಡೆಯ ಹುಡುಗಿಯೊಬ್ಬಳು ಸೇರಿದಳು. ಊಟದ ಹೊತ್ತಿನಲ್ಲಿ ಅದೇ ಹಳೆಯ ಪ್ರಶ್ನೆ ಎದ್ದಿತು, ಅತ್ಯುತ್ತಮ ಕಾರ್ಟೂನ್ ಯಾವುದು ಅಂತ. ಅವಳು ಹೇಳಿದ ಸರಣಿ ನನ್ನ ಪಟ್ಟಿಯ ಇಪ್ಪತ್ತರೊಳಗೂ ಬರುವುದಿಲ್ಲ, ಹಾಗಂತ ಹೇಳಿಯೂಬಿಟ್ಟೆ. "ಅಯ್ಯೋ ಹೋಗಿ ಸರ್, ನೀವು ಕನ್ನಡದಲ್ಲಿ ನೋಡಿಲ್ಲ ಬಿಡಿ" ಅಂದಳು. ಮತ್ತೆ ಚಮಚ ಕೆಳಗಿಟ್ಟು, ಅದರ ಖಳನಾಯಕನ ದನಿಯಲ್ಲಿ, ಇಡೀ ಒಂದು ದೃಶ್ಯವನ್ನು ಅಚ್ಚ ಹಾಸನದ ಕನ್ನಡದಲ್ಲಿ ಆಡಿ ತೋರಿಸಿದಳು.